ಒಂದೇ ತಂತಿಯ ಮೇಲೆ ಎಷ್ಟು ಭಾರ?

ಮಲೆನಾಡಿನಲ್ಲಿ ಅಡಿಕೆ ಕೊಯ್ಲು ಶುರುವಾಯಿತೆಂದರೆ ಕಾವಲಿನ ಚಿಂತೆಯೂ ಶುರು. ಬೇಯಿಸಿ ಅಂಗಳದಲ್ಲಿ ಹರವಿದ ಅಡಿಕೆಯನ್ನು ರಾತ್ರೋರಾತ್ರಿ ಚೀಲಕ್ಕೆ ತುಂಬಿಕೊಂಡು ಹೋಗುವವರಿದ್ದಾರೆ. ಹಾಗಾಗಿ ಒಂಟಿಮನೆಗಳಿಗೂ ಕ್ಯಾಮೆರಾ ಬಂದಿದೆ. ಜೊತೆಗೆ ಒಂದು ಪ್ರಶ್ನೆಯೂ ಬಂದಿದೆ: ಅದಕ್ಕೆ ಕರೆಂಟ್ ಎಲ್ಲಿಂದ ಕೊಡುವುದು? ಪ್ರತಿ ಕ್ಯಾಮೆರಾದ ಪಕ್ಕ ಒಂದು ಪ್ಲಗ್ ಪಾಯಿಂಟ್ ಮಾಡಿಸುವುದೋ, ಚಿತ್ರ ತರುವ ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟನ್ನೂ ಕಳಿಸುವುದೋ?

ಸಾಗರದ ಕಡೆಯ ಒಂದು ಮನೆಯ ಜಗಲಿಯಲ್ಲಿ ಈ ಮಾತು ನಡೆಯಿತು. ಒಬ್ಬರು ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತರಾದವರು, ಈಗ ತೋಟ ನೋಡಿಕೊಳ್ಳುವವರು. ಇನ್ನೊಬ್ಬ ಅವರ ತಂಗಿಯ ಮಗ, ಪೇಟೆಯಲ್ಲಿ ಕ್ಯಾಮೆರಾ ಹಾಕುವ ಕೆಲಸದವನು.

ಹಿರಿಯರು: ಅಲ್ಲ ಮಾರಾಯ, ಇಂಟರ್ನೆಟ್ಟಿನವರು ಹಾಕಿಕೊಟ್ಟ ರೂಟರ್‌ನಲ್ಲಿ ನಾಲ್ಕು ತೂತು ಖಾಲಿ ಇದೆ. ನಮಗೆ ಬೇಕಾದ್ದೂ ನಾಲ್ಕೇ ಕ್ಯಾಮೆರಾ. ಗೇಟಿಗೊಂದು, ಅಂಗಳಕ್ಕೊಂದು, ಗೋದಾಮಿಗೊಂದು, ತೋಟದ ಪಂಪ್‌ಹೌಸಿಗೊಂದು. ಅಲ್ಲಿಂದಲೇ ಎಳೆದ್ರೆ ಆಯಿತಲ್ಲ? ಮತ್ತೊಂದು ಡಬ್ಬಿ ಯಾಕೆ?

ಯುವಕ: ಆ ತೂತುಗಳಲ್ಲಿ ಡೇಟಾ ಮಾತ್ರ ಬರುತ್ತೆ ಮಾವ, ಕರೆಂಟ್ ಬರಲ್ಲ. ಪಿಒಇ, ಅಂದ್ರೆ ಡೇಟಾ ಕೇಬಲ್ಲಿನಲ್ಲೇ ಕರೆಂಟೂ ಕೊಡೋ ಪೋರ್ಟ್ ಇರೋ ರೂಟರ್‌ಗಳೂ ಇವೆ, ಆದ್ರೆ ಮನೆಗಳಿಗೆ ಸಾಮಾನ್ಯವಾಗಿ ಹಾಕೋದು ಅವಲ್ಲ. ನಾವು ರೂಟರ್‌ನಿಂದ ಒಂದು ಕೇಬಲ್ ತಗೊಂಡು ಪಿಒಇ ಸ್ವಿಚ್‌ಗೆ ಕೊಡ್ತೀವಿ. ಸ್ವಿಚ್‌ನಿಂದ ಒಂದೊಂದು ಕ್ಯಾಮೆರಾಕ್ಕೆ ಒಂದೊಂದು ಕೇಬಲ್. ಒಂದೇ ಕ್ಯಾಮೆರಾ ಆಗಿದ್ರೆ ಇಂಜೆಕ್ಟರ್ ಅಂತ ಅಂಗೈಯಗಲದ ಡಬ್ಬಿ ಸಾಕು. ಅದು ರೂಟರ್ ಮತ್ತು ಕ್ಯಾಮೆರಾದ ನಡುವೆ ಕೂತು ಕರೆಂಟ್ ಸೇರಿಸುತ್ತೆ. ರೆಕಾರ್ಡ್ ಮಾಡೋ ಎನ್‌ವಿಆರ್‌ನಲ್ಲೇ ಪಿಒಇ ಪೋರ್ಟ್ ಬರೋದೂ ಉಂಟು.

ಹಿರಿಯರು: ಎಷ್ಟು ವೋಲ್ಟ್ ಕಳಿಸ್ತೀರಿ?

ಯುವಕ: ಸುಮಾರು 48. ನಿಯಮದ ಪ್ರಕಾರ 44ರಿಂದ 57ರ ಒಳಗೆ.

ಹಿರಿಯರು: ನಾವು ಎಕ್ಸ್‌ಚೇಂಜಿನಿಂದ ಕೊಡ್ತಿದ್ದದ್ದೂ 48 ವೋಲ್ಟೇ. ಬ್ಯಾಟರಿ ರೂಮಿನಲ್ಲಿ ಎರಡೆರಡು ವೋಲ್ಟಿನ 24 ಸೆಲ್ಲುಗಳ ಸಾಲು. ಊರಿಗೆ ಊರೇ ಕತ್ತಲಾದ್ರೂ ಫೋನ್ ರಿಂಗಾಗ್ತಿತ್ತು, ಯಾಕಂದ್ರೆ ಅದಕ್ಕೆ ಬೇಕಾದ ಕರೆಂಟು ಮಾತಿನ ಜೋಡಿ ತಂತಿಯಲ್ಲೇ ಬರ್ತಿತ್ತು. ನೀನು ಹೊಸದು ಅನ್ನೋದು ನಮಗೆ ಹಳೇದು ಕಣೋ.

ಯುವಕ: ನಂಟು ಇರೋದು ನಿಜ ಮಾವ. ಆಫೀಸುಗಳಿಗೆ ನೆಟ್‌ವರ್ಕ್ ಕೇಬಲ್ಲಿನಲ್ಲಿ ನಡೆಯೋ ಐಪಿ ಫೋನ್ ಬಂದಾಗ ಪ್ರತಿ ಮೇಜಿಗೂ ಒಂದು ಅಡಾಪ್ಟರ್ ಇಡೋದು ಬೇಡ ಅಂತಲೇ ಇದು ಮೊದಲು ಬೆಳೆದದ್ದು. 2000ದ ಹೊತ್ತಿಗೆ ಸಿಸ್ಕೊ ಕಂಪನಿ ತನ್ನದೇ ರೀತಿಯಲ್ಲಿ ಮಾಡ್ತು. 2003ರಲ್ಲಿ ಐಇಇಇ ಸಂಸ್ಥೆ 802.3ಎಎಫ್ ಅನ್ನೋ ನಿಯಮ ತಂದು ಎಲ್ಲ ಕಂಪನಿಗಳಿಗೂ ಒಂದೇ ದಾರಿ ಮಾಡಿಕೊಡ್ತು.

ಹಿರಿಯರು: ಆದ್ರೆ ನಮ್ಮ ತಂತಿಯ ತುದಿಯಲ್ಲಿ ಫೋನ್ ಬಿಟ್ರೆ ಬೇರೇನೂ ಇರ್ತಿರಲಿಲ್ಲ. ನಿನ್ನ ಕೇಬಲ್ಲಿಗೆ ಮಕ್ಕಳು ಯಾರಾದ್ರೂ ಲ್ಯಾಪ್‌ಟಾಪ್ ಚುಚ್ಚಿದ್ರೆ 48 ವೋಲ್ಟ್ ನುಗ್ಗಿ ಸುಟ್ಟುಹಾಕಲ್ವಾ?

ಯುವಕ: ಸುಡಲ್ಲ. ಸ್ವಿಚ್ ಮೊದಲು 10 ವೋಲ್ಟಿನ ಆಸುಪಾಸಿನೊಳಗೆ ಸಣ್ಣದಾಗಿ ತಟ್ಟಿ ನೋಡುತ್ತೆ. ಆ ಕಡೆ ಸುಮಾರು 25 ಕಿಲೋ ಓಮ್ ತಡೆ ಸಿಕ್ಕಿದ್ರೆ ಮಾತ್ರ ಇದು ಪಿಒಇ ಸಾಧನ ಅಂತ ತಿಳಿಯುತ್ತೆ. ಆಮೇಲೆ ಅದಕ್ಕೆ ಎಷ್ಟು ವ್ಯಾಟ್ ಬೇಕು ಅಂತ ಗುರುತಿಸುತ್ತೆ. ಇಷ್ಟೂ ಆದ ಮೇಲೇ 48 ವೋಲ್ಟ್. ಲ್ಯಾಪ್‌ಟಾಪಿನಲ್ಲಿ ಆ ತಡೆ ಇರಲ್ಲ, ಹಾಗಾಗಿ ಕರೆಂಟ್ ಹೋಗೋದೇ ಇಲ್ಲ. ಕ್ಯಾಮೆರಾದ ಕೇಬಲ್ ಕಿತ್ರೆ ಅರ್ಧ ಸೆಕೆಂಡಿನೊಳಗೆ ಸ್ವಿಚ್ ತಾನೇ ಕರೆಂಟ್ ನಿಲ್ಲಿಸುತ್ತೆ.

ಹಿರಿಯರು: ಮಾರ್ಕೆಟ್ಟಿನಲ್ಲಿ ಸಿಗೋ ಎಲ್ಲ ಡಬ್ಬಿಗಳೂ ಹೀಗೆ ತಟ್ಟಿ ನೋಡ್ತಾವಾ?

ಯುವಕ: ಇಲ್ಲ, ಅಪಾಯ ಇರೋದೇ ಅಲ್ಲಿ. ಪ್ಯಾಸಿವ್ ಪಿಒಇ ಅಂತ ಒಂದಿದೆ. ಆ ಕಡೆ ಏನಿದೆ ಅಂತ ವಿಚಾರಿಸದೇ ವೋಲ್ಟೇಜ್ ಬಿಟ್ಟುಬಿಡುತ್ತೆ, ಹೆಚ್ಚಾಗಿ 24 ವೋಲ್ಟ್. ಮಾಳಿಗೆ ಮೇಲೆ, ಟವರ್ ಮೇಲೆ ಹಾಕೋ ವೈರ್‌ಲೆಸ್ ಇಂಟರ್ನೆಟ್ ರೇಡಿಯೋಗಳಿಗೆ ಅದು ಬಳಕೆಯಲ್ಲಿದೆ. ಆ ಇಂಜೆಕ್ಟರ್ ತಂದು ಬೇರೆ ಯಾವುದಕ್ಕೋ ಚುಚ್ಚಿದ್ರೆ ಸುಟ್ಟೀತು. ಡಬ್ಬಿ ಮೇಲೆ ಬರೀ ಪಿಒಇ ಅಂತ ಬರೆದಿದ್ರೆ ಸಾಲದು, 802.3ಎಎಫ್ ಅಥವಾ ಆಮೇಲೆ ಬಂದ 802.3ಎಟಿ ಅಂತ ಇದೆಯಾ ನೋಡಬೇಕು.

ಹಿರಿಯರು: ಇಷ್ಟೆಲ್ಲ ಸುತ್ತು ಯಾಕೆ? ಕ್ಯಾಮೆರಾಕ್ಕೆ ಬೇಕಾದ್ದು 12 ವೋಲ್ಟ್. ಮನೆಯೊಳಗೆ 12 ವೋಲ್ಟಿನ ಒಂದು ಸಪ್ಲೈ ಇಟ್ಟು, ಕೇಬಲ್ಲಿನ ಖಾಲಿ ಜೋಡಿಯಲ್ಲಿ ಕಳಿಸಿದ್ರೆ ಮುಗೀತು. ಹಳೇ ಡಿವಿಆರ್ ಕ್ಯಾಮೆರಾಗಳಿಗೆ ತ್ರೀ ಪ್ಲಸ್ ವನ್ ಕೇಬಲ್ಲಿನಲ್ಲಿ ಹಾಗೇ ಕೊಡ್ತಿದ್ರಲ್ಲ?

ಯುವಕ: (ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ ಲೆಕ್ಕ ಬರೆಯುತ್ತ) ನೋಡಿ. ಅಂಗಳದ ಆ ತುದಿ ಇಲ್ಲಿಂದ 60 ಮೀಟರ್. ಕೇಬಲ್ಲಿನ ಒಂದು ಜೋಡಿಯಲ್ಲಿ ಹೋಗಿ ಬರೋ ತಡೆ ಸುಮಾರು 10 ಓಮ್. ಕ್ಯಾಮೆರಾ 6 ವ್ಯಾಟಿನದು. 12 ವೋಲ್ಟಿನಲ್ಲಿ ಅರ್ಧ ಆಂಪಿಯರ್ ಹರೀಬೇಕು. ಅರ್ಧ ಗುಣಿಸು ಹತ್ತು, 5 ವೋಲ್ಟ್ ದಾರಿಯಲ್ಲೇ ಹೋಯ್ತು. ಕ್ಯಾಮೆರಾಕ್ಕೆ ಸಿಗೋದು ಏಳೋ ಏನೋ. ಹಗಲು ಹೇಗೋ ನಡೆದೀತು, ರಾತ್ರಿ ಐಆರ್ ಲೈಟ್ ಹೊತ್ತಿಕೊಂಡ ಕೂಡಲೇ ಕ್ಯಾಮೆರಾ ಆಫ್ ಆಗಿ ಮತ್ತೆ ಆನ್ ಆಗುತ್ತೆ. ಅದೇ 6 ವ್ಯಾಟನ್ನು 48 ವೋಲ್ಟಿನಲ್ಲಿ ಕಳಿಸಿದ್ರೆ ಹರಿಯೋದು ಆಂಪಿಯರಿನ ಎಂಟನೇ ಒಂದು ಭಾಗ. ಇಳಿಯೋದು ಒಂದೂಕಾಲು ವೋಲ್ಟ್, ಅಷ್ಟೇ.

ಹಿರಿಯರು: ಲೆಕ್ಕ ಸರಿ ಇದೆ. ಆದ್ರೆ ಈ 10 ಓಮ್ ಅಪ್ಪಟ ತಾಮ್ರದ್ದು. ಎಲ್ಲ ಕೇಬಲ್ಲೂ ತಾಮ್ರ ಅಂತ ಯಾರು ಹೇಳಿದ್ದು? ಹೋದ ವರ್ಷ ಒಬ್ಬ ವೈಫೈಗೆ ಅಂತ ಎಳೆದು ಉಳಿಸಿ ಹೋದ ತುಂಡು ಇಲ್ಲಿದೆ, ನೋಡು.

ಹಿರಿಯರು ಅಡಿಕೆ ಸುಲಿಯುವ ಕತ್ತಿಯ ಬಾಯಿಗೆ ಆ ತುಂಡನ್ನು ಒತ್ತಿ ಮೇಲಿನ ಸಿಪ್ಪೆ ತೆಗೆದರು. ಒಳಗಿನ ನಾಲ್ಕು ಜೋಡಿಯಲ್ಲಿ ಒಂದು ಎಳೆಯನ್ನು ಬಿಡಿಸಿ ಉಗುರಿನ ಮೇಲಿಟ್ಟು ಮೆಲ್ಲಗೆ ಹೆರೆದರು. ಕೆಂಪು ಬಣ್ಣ ಪುಡಿಯಾಗಿ ಉದುರಿ ಒಳಗೆ ಬೆಳ್ಳಗಿನ ಲೋಹ ಕಂಡಿತು. ಎರಡು ಮೂರು ಸಲ ಬಗ್ಗಿಸಿದಾಗ ಎಳೆ ತುಂಡಾಯಿತು. ಯುವಕ ತಂದಿದ್ದ ಹೊಸ ಸುರುಳಿಯಿಂದಲೂ ಒಂದು ಎಳೆ ತೆಗೆದು ಹೆರೆದರು. ಅದು ಒಳಗೂ ಕೆಂಪೇ ಇತ್ತು.

ಯುವಕ: ಮೊದಲಿನದ್ದು ಸಿಸಿಎ ಮಾವ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ತಡೆ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ಡೇಟಾ ಹೇಗೋ ಓಡುತ್ತೆ, ಕರೆಂಟ್ ಕಳಿಸಿದ್ರೆ ವೋಲ್ಟೇಜ್ ಇಳಿಯುತ್ತೆ, ತಂತಿ ಬಿಸಿಯಾಗುತ್ತೆ. ಕ್ಯಾಟ್ 5ಇ, ಕ್ಯಾಟ್ 6 ಅನ್ನಿಸಿಕೊಳ್ಳೋಕೆ ತಾಮ್ರವೇ ಬೇಕು ಅಂತ ನಿಯಮ ಇದ್ರೂ, ಅದೇ ಹೆಸರು ಅಚ್ಚು ಹಾಕಿ ಇದನ್ನು ಮಾರ್ತಾರೆ. ಬೆಲೆ ಕಡಿಮೆ ಅಂತ ಜನ ತಗೋತಾರೆ.

ಹಿರಿಯರು: ಅಂದ್ರೆ ನಿನ್ನ ಪದ್ಧತಿ ಒಳ್ಳೇದೇ ಇರಬಹುದು, ಅದು ನಿಂತಿರೋದು ತಂತಿ ಮೇಲೆ. ತಂತಿ ಆರಿಸೋನು ಗಿರಾಕಿ ಅಲ್ಲ, ಕೆಲಸಕ್ಕೆ ಬಂದೋನು. ಅಡಾಪ್ಟರ್ ಆದ್ರೆ ನಾನೇ ಅಂಗಡಿಗೆ ಹೋಗಿ ಇನ್ನೊಂದು ತರ್ತೀನಿ, ಗೋಡೆಯೊಳಗೆ ಹೂತ ಕೇಬಲ್ಲನ್ನು ಹೇಗೆ ಬದಲಿಸಲಿ?

ಯುವಕ: ಆ ಮಾತು ಒಪ್ತೀನಿ. ಅದಕ್ಕೇ ಮೊದಲೇ ಸರಿಯಾದ್ದು ಹಾಕ್ಬೇಕು ಅನ್ನೋದು. ಆದ್ರೆ ಅಡಾಪ್ಟರ್ ಹಾಕೋಕೆ ಅಂಗಳದ ತುದಿಗೆ 230 ವೋಲ್ಟಿನ ಲೈನ್ ಬೇಕಲ್ಲ? ಅಡಿಕೆ ಬೇಯಿಸೋ ಹಬೆ, ಮಳೆಗಾಲದ ಥಂಡಿ, ಅದರ ನಡುವೆ ಪ್ಲಗ್ ಪಾಯಿಂಟ್. ಒದ್ದೆ ಕೈಯಲ್ಲಿ ಯಾರಾದ್ರೂ ಮುಟ್ಟಿದ್ರೆ ಜೀವಕ್ಕೇ ಅಪಾಯ. 48 ವೋಲ್ಟಿನಲ್ಲಿ ಆ ಭಯ ಬಹಳ ಕಡಿಮೆ.

ಹಿರಿಯರು: ಅದು ದೊಡ್ಡ ಮಾತು, ತೆಗೆದುಹಾಕಲ್ಲ. ಸರಿ, ಒಂದು ಪೋರ್ಟಿನಿಂದ ಎಷ್ಟು ವ್ಯಾಟ್ ಸಿಗುತ್ತೆ?

ಯುವಕ: 2003ರ ಎಎಫ್ ಪ್ರಕಾರ ಸ್ವಿಚ್ 15.4 ವ್ಯಾಟ್ ಕೊಡುತ್ತೆ, 100 ಮೀಟರ್ ಆಚೆ ಕ್ಯಾಮೆರಾಕ್ಕೆ 12.95 ಖಾತ್ರಿ. ಉಳಿದದ್ದು ತಂತಿಯಲ್ಲಿ ಶಾಖ ಆಗಿ ಹೋಗುತ್ತೆ ಅಂತ ನಿಯಮವೇ ಲೆಕ್ಕ ಹಿಡಿದಿದೆ. 2009ರ ಎಟಿಯಲ್ಲಿ 30 ಕೊಟ್ರೆ 25.5 ಸಿಗುತ್ತೆ. 2018ರ ಬಿಟಿ ನಾಲ್ಕೂ ಜೋಡಿ ಬಳಸಿ 90 ವ್ಯಾಟ್‌ವರೆಗೆ ಕಳಿಸುತ್ತೆ. ನಮ್ಮಂಥ ಮನೆಯ ಕ್ಯಾಮೆರಾಕ್ಕೆ ಎಎಫ್ ಧಾರಾಳ. ತಿರುಗೋ ಕ್ಯಾಮೆರಾ ಹಾಕಿದ್ರೆ ಎಟಿ ಬೇಕಾಗಬಹುದು.

ಹಿರಿಯರು: ಎಂಟು ಪೋರ್ಟಿನ ಡಬ್ಬಿ ತಂದ್ರೆ ಎಂಟಕ್ಕೂ ಅಷ್ಟು ಸಿಗುತ್ತೆ ಅಂತ ನಂಬಬಹುದಾ?

ಯುವಕ: ನಂಬಬಾರದು. ಎಂಟಕ್ಕೂ ತಲಾ 15.4 ಕೊಡೋಕೆ 123 ವ್ಯಾಟ್ ಬೇಕು. ಅಗ್ಗದ ಡಬ್ಬಿಯಲ್ಲಿ ಒಟ್ಟು ಶಕ್ತಿ 60 ಇರಬಹುದು. ಕ್ಯಾಮೆರಾಗಳ ರಾತ್ರಿಯ ವ್ಯಾಟ್ ಕೂಡಿಸಿ, ಅದರ ಮೇಲೆ ಒಂದಿಷ್ಟು ಮಿಗಿಸಿ ಸ್ವಿಚ್ ಆರಿಸಬೇಕು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು.

ಹಿರಿಯರು: ಈಗ ನನ್ನ ನಿಜವಾದ ತಕರಾರು ಕೇಳು. ನಾಲ್ಕು ಅಡಾಪ್ಟರ್ ಇದ್ದು ಒಂದು ಸುಟ್ರೆ ಒಂದು ಕ್ಯಾಮೆರಾ ನಿಲ್ಲುತ್ತೆ. ನಿನ್ನ ಸ್ವಿಚ್ ಒಂದು ಕೆಟ್ರೆ ನಾಲ್ಕೂ ಒಟ್ಟಿಗೇ ನಿಲ್ತಾವೆ. ಎಕ್ಸ್‌ಚೇಂಜಿನ ಪವರ್ ಪ್ಲಾಂಟ್ ಕೈಕೊಟ್ಟ ದಿನ ಊರಿಡೀ ಹೇಗೆ ಮೂಕಾಗ್ತಿತ್ತು ಅಂತ ನಾನು ಕಂಡಿದ್ದೀನಿ.

ಯುವಕ: ಕರೆಂಟ್ ಹೋದ ದಿನ ಊರಿಡೀ ಫೋನ್ ಬದುಕಿರ್ತಿತ್ತು ಅಂತ ಹೇಳಿದ್ದೂ ನೀವೇ ಮಾವ. ಎರಡೂ ಒಂದೇ ಕಾರಣಕ್ಕೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದ್ರೆ ಇಲ್ಲಿ ಇಡೀ ರಾತ್ರಿ ಕರೆಂಟ್ ಇರಲ್ಲ. ಅಡಾಪ್ಟರ್ ಆದ್ರೆ ನಾಲ್ಕು ಕಡೆಗೂ ಇನ್ವರ್ಟರ್ ಲೈನ್ ಎಳೀಬೇಕು. ಪಿಒಇ ಆದ್ರೆ ರೂಟರ್, ಸ್ವಿಚ್, ಎನ್‌ವಿಆರ್ ಮೂರನ್ನೂ ಒಂದೇ ಕಪಾಟಿನಲ್ಲಿಟ್ಟು ಇನ್ವರ್ಟರ್‌ಗೆ ಕೊಟ್ರೆ ಆಯ್ತು. ಎಲ್ಲ ಸೇರಿ 50 ವ್ಯಾಟ್ ಆಸುಪಾಸು. ನಿಮ್ಮ 150 ಎಎಚ್ ಬ್ಯಾಟರಿ ಚೆನ್ನಾಗಿದ್ದು ಬೇರೆ ಹೊರೆ ಇಲ್ಲದಿದ್ರೆ ಹನ್ನೆರಡು ಗಂಟೆ ದಾಟುತ್ತೆ.

ಹಿರಿಯರು: ಬ್ಯಾಟರಿಗೆ ನೀರು ಹಾಕೋದು ಮರೆತ್ರೆ ದಾಟಲ್ಲ. ಆ ಒಂದು ಕಪಾಟನ್ನು ದೇವರ ಕೋಣೆ ಥರ ನೋಡಿಕೊಳ್ಳಬೇಕು ಅಂತಾಯಿತು.

ಯುವಕ: ಹೌದು. ಜೊತೆಗೆ ಒಂದು ಇಂಜೆಕ್ಟರ್ ತಂದಿಟ್ಟುಕೊಂಡ್ರೆ ಸ್ವಿಚ್ ಕೆಟ್ಟ ದಿನ ಅಂಗಳದ ಕ್ಯಾಮೆರಾವನ್ನಾದ್ರೂ ಉಳಿಸಿಕೊಳ್ಳಬಹುದು. ನಾಲ್ಕೂ ನಡೀಬೇಕು ಅಂದ್ರೆ ಎರಡು ಸಣ್ಣ ಸ್ವಿಚ್ ಹಾಕಿ ಹಂಚಬೇಕು, ಖರ್ಚು ಹೆಚ್ಚಾಗುತ್ತೆ. ಇದಕ್ಕಿಂತ ಒಳ್ಳೆ ಉತ್ತರ ನನ್ನ ಹತ್ತಿರ ಇಲ್ಲ.

ಹಿರಿಯರು: ಸಿಡಿಲಿಗೆ ಏನು ಉತ್ತರ? ಭರಣಿ ಮಳೆ ಹೊತ್ತಿಗೆ ಇಲ್ಲಿ ಹೇಗೆ ಬಡಿಯುತ್ತೆ ನಿನಗೆ ಗೊತ್ತು. ತಂತಿಗೇ ಬೀಳಬೇಕು ಅಂತಿಲ್ಲ, ಹತ್ತಿರ ಬಿದ್ರೂ ಉದ್ದ ತಂತಿಯಲ್ಲಿ ವೋಲ್ಟೇಜ್ ಏಳುತ್ತೆ. ನಮ್ಮಲ್ಲಿ ಹೊರಗಿಂದ ಬಂದ ಪ್ರತಿ ಜೋಡಿಗೂ, ತಂತಿಗಳೆಲ್ಲ ಬಂದು ಸೇರೋ ಎಂಡಿಎಫ್‌ನಲ್ಲಿ ಜಿಡಿ ಟ್ಯೂಬ್ ಇರ್ತಿತ್ತು, ವೋಲ್ಟೇಜ್ ಏರಿದ್ರೆ ಅದನ್ನು ಅರ್ಥಿಂಗ್‌ಗೆ ಇಳಿಸೋಕೆ. ನಿನ್ನ ಸ್ವಿಚ್ಚಿನ ಹಿಂದೆ ಏನಿದೆ? ಅಂಗಳದ ಕೇಬಲ್ ಸೀದಾ ನಡುಮನೆಯ ಟಿವಿ ಪಕ್ಕಕ್ಕೆ ಬಂದು ಕೂರುತ್ತೆ. ಇದು ಹಗಲು ಕಂಡ ಬಾವಿಗೆ ಇರುಳು ಬಿದ್ದ ಹಾಗೆ.

ಯುವಕ: ಒಂದು ಮಾತು ಮಾವ. ಅಡಾಪ್ಟರ್ ಹಾಕಿದ್ರೂ ಡೇಟಾ ಕೇಬಲ್ ಇದ್ದೇ ಇರುತ್ತಲ್ಲ? ಅದೂ ತಾಮ್ರವೇ. ಮೇಲಿಂದ 230 ವೋಲ್ಟಿನ ಲೈನೂ ಸೇರುತ್ತೆ, ಅದರಲ್ಲೂ ಸಿಡಿಲು ಬರುತ್ತೆ. ಪಿಒಇ ಬಿಟ್ಟ ಮಾತ್ರಕ್ಕೆ ಸಿಡಿಲು ಬಿಡಲ್ಲ.

ಹಿರಿಯರು: ವೈಫೈ ಕ್ಯಾಮೆರಾ ಆದ್ರೆ?

ಯುವಕ: ಈ ಮನೆಯ ಜಂಬಿಟ್ಟಿಗೆ ಗೋಡೆ ದಾಟೋದ್ರೊಳಗೆ ಸಿಗ್ನಲ್ ಸೋತಿರುತ್ತೆ. ಅದಕ್ಕೂ ಕರೆಂಟ್ ಬೇಕೇ ಬೇಕು. ಸಿಡಿಲಿಗೆ ಮಾಡಬೇಕಾದ್ದು ಬೇರೆ. ಹೊರಗಿಂದ ಬರೋ ಪ್ರತಿ ಕೇಬಲ್ಲಿಗೂ ಮನೆ ಹೊಕ್ಕೋ ಜಾಗದಲ್ಲಿ ಪಿಒಇ ಸರ್ಜ್ ಪ್ರೊಟೆಕ್ಟರ್ ಹಾಕಬೇಕು. ಅದರ ತಂತಿ ಒಳ್ಳೆ ಅರ್ಥಿಂಗ್‌ಗೆ ಸೇರಬೇಕು. ಅರ್ಥಿಂಗ್ ಸರಿ ಇಲ್ಲದಿದ್ರೆ ಅದು ಇದ್ದೂ ಇಲ್ಲದ ಹಾಗೆ. ಇಷ್ಟು ಮಾಡಿದ್ರೂ ಹತ್ತಿರ ಬಿದ್ದ ದೊಡ್ಡ ಸಿಡಿಲನ್ನು ತಡೀತೀನಿ ಅಂತ ನಾನು ಮಾತು ಕೊಡಲ್ಲ.

ಹಿರಿಯರು: ಹಾಗಿದ್ರೆ ಗುಡುಗು ಶುರುವಾದ ಕೂಡಲೇ ಅಂಗಳದ ಕೇಬಲ್ ಕೀಳೋದು ನನ್ನ ಕ್ರಮ. ಅಂಗಳದಲ್ಲಿ ಅಡಿಕೆ ಇರೋ ಚಳಿಗಾಲದಲ್ಲಿ ಸಿಡಿಲು ಕಡಿಮೆ. ಸಿಡಿಲು ಜೋರಾಗಿರೋ ಏಪ್ರಿಲ್, ಮೇ ತಿಂಗಳಲ್ಲಿ ಅಂಗಳ ಖಾಲಿ.

ಯುವಕ: ಅಂಗಳ ಖಾಲಿ, ಗೋದಾಮು ಖಾಲಿಯಾ? ದರ ಏರಲಿ ಅಂತ ಚೀಲ ಕಟ್ಟಿ ಇಟ್ಟಿರ್ತೀರಲ್ಲ. ಗುಡುಗು ಮಳೆಯ ಕತ್ತಲೆ ರಾತ್ರಿ, ನಾಯಿ ಬೊಗಳಿದ್ದೂ ಕೇಳಲ್ಲ. ಆಗಲೇ ಕ್ಯಾಮೆರಾ ಆಫ್ ಮಾಡಿದ್ರೆ ಕ್ಯಾಮೆರಾ ಯಾಕೆ ಬೇಕು?

ಹಿರಿಯರು: ಚೀಲ ಹೋದ್ರೆ ಒಂದು ವರ್ಷದ ದುಡಿಮೆ ಹೋಗುತ್ತೆ. ಮನೆಯೊಳಗೆ ಸಿಡಿಲು ಬಂದ್ರೆ ಏನೇನು ಹೋಗುತ್ತೋ. ಇದರಲ್ಲಿ ನೀನು ಒಂದು ಕಡೆ, ನಾನು ಒಂದು ಕಡೆ. ಇರಲಿ. ಪಂಪ್‌ಹೌಸ್ ಮಾತು ಹೇಳು. ಅದು 160 ಮೀಟರ್ ದೂರ.

ಯುವಕ: ಈಥರ್‌ನೆಟ್ ತಾಮ್ರದ ಕೇಬಲ್ 100 ಮೀಟರ್‌ವರೆಗೆ ಅಂತ ನಿಯಮ. ನಡುವೆ ಪಿಒಇ ಎಕ್ಸ್‌ಟೆಂಡರ್ ಹಾಕಿದ್ರೆ ಇನ್ನೊಂದು 100 ಮೀಟರ್ ಹೋಗುತ್ತೆ. ಬಂದ ಕರೆಂಟಿನಲ್ಲೇ ತಾನೂ ಸ್ವಲ್ಪ ತಗೊಂಡು ಮುಂದೆ ಕಳಿಸುತ್ತೆ.

ಹಿರಿಯರು: ತೋಟದ ನಡುವೆ ಒಂದು ಡಬ್ಬಿ, ಎರಡು ಕನೆಕ್ಟರ್. ಮೂರು ತಿಂಗಳ ಮಳೆಗೆ ತಾಮ್ರದ ಮೇಲೆ ಕಿಲುಬು ಏಳುತ್ತೆ. ಸೋಗೆ ಬಿದ್ದು ಕೇಬಲ್ ಹರಿಯುತ್ತೆ, ಅಳಿಲು ಕಡಿಯುತ್ತೆ. ಫೈಬರ್ ಎಳಿ. ಗಾಜಿನ ಎಳೆಯಲ್ಲಿ ಸಿಡಿಲು ಹರಿಯಲ್ಲ, 160 ಮೀಟರ್ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಯುವಕ: ಫೈಬರ್‌ನಲ್ಲಿ ಕರೆಂಟೂ ಹರಿಯಲ್ಲ ಮಾವ. ಪಂಪ್‌ಸೆಟ್ಟಿನ ತ್ರೀ ಫೇಸ್ ಏಳು ಗಂಟೆ ಕೊಟ್ರೆ ಹೆಚ್ಚು. ಉಳಿದ ಹೊತ್ತು ಫೈಬರ್ ತುದಿಯ ಮೀಡಿಯಾ ಕನ್ವರ್ಟರ್‌ಗೂ ಕ್ಯಾಮೆರಾಕ್ಕೂ ಯಾರು ಕೊಡ್ತಾರೆ? ಸೋಲಾರ್ ಇಡೋಣ ಅಂದ್ರೆ ಅಡಿಕೆ ಮರದ ನೆರಳು, ಮಳೆಗಾಲದಲ್ಲಿ ಬಿಸಿಲೇ ಕಾಣಲ್ಲ. ಅಲ್ಲಲ್ಲೇ ಬೇರೆ ಬೇರೆ ಕರೆಂಟ್ ಇರಲಿ ಅನ್ನೋ ನಿಮ್ಮ ವಾದ ಪಂಪ್‌ಹೌಸಿನಲ್ಲಿ ನಿಲ್ಲಲ್ಲ.

ಹಿರಿಯರು: ಒಂದೇ ಕಡೆಯಿಂದ ಎಲ್ಲಕ್ಕೂ ಕರೆಂಟ್ ಅನ್ನೋ ನಿನ್ನ ವಾದವೂ 160 ಮೀಟರ್ ಆಚೆ ನಿಲ್ಲಲ್ಲ. ಇನ್ನೊಂದು ಕೇಳ್ತೀನಿ. ಗೇಟಿನ ಕಂಬದಿಂದ ಕ್ಯಾಮೆರಾ ಕಿತ್ತು, ಆ ಕೇಬಲ್ಲಿಗೆ ಯಾರೋ ತಮ್ಮ ಲ್ಯಾಪ್‌ಟಾಪ್ ಚುಚ್ಚಿದ್ರೆ? ಕರೆಂಟ್ ನಿಲ್ಲುತ್ತೆ ಅಂದೆ. ಡೇಟಾ ನಿಲ್ಲುತ್ತಾ?

ಯುವಕ: ಅಗ್ಗದ ಸ್ವಿಚ್‌ನಲ್ಲಿ ನಿಲ್ಲಲ್ಲ. ಅವರು ಮನೆಯ ನೆಟ್‌ವರ್ಕಿನೊಳಗೇ ಬಂದ ಹಾಗೆ. ಮ್ಯಾನೇಜ್ಡ್ ಸ್ವಿಚ್ ಹಾಕಿ ಕ್ಯಾಮೆರಾಗಳಿಗೆ ವಿಲ್ಯಾನ್ ಅಂತ ಬೇರೆಯೇ ನೆಟ್‌ವರ್ಕ್ ಮಾಡಬೇಕು, ಪೋರ್ಟಿಗೆ ಇಂಥದೇ ಸಾಧನ ಅಂತ ಕಟ್ಟಬೇಕು. ಕ್ಯಾಮೆರಾದ ಜೊತೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು. 2016ರಲ್ಲಿ ಮಿರಾಯ್ ಅನ್ನೋ ವೈರಸ್ ಹೀಗೆ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್‌ಗಳನ್ನೇ ಹಿಡಿದು ದೊಡ್ಡ ದೊಡ್ಡ ವೆಬ್‌ಸೈಟ್‌ಗಳನ್ನು ಮಲಗಿಸಿತ್ತು. ಕಾವಲಿಗೆ ಇಟ್ಟದ್ದೇ ದಾಳಿಗೆ ಬಳಕೆಯಾಯ್ತು.

ಹಿರಿಯರು: ಹಾಗಾದ್ರೆ ಕೆಲಸದ ಚೀಟಿಯಲ್ಲಿ ಇದನ್ನೂ ಬರಿ. ಅಪ್ಪಟ ತಾಮ್ರ, ನಿಯಮದ ಸ್ವಿಚ್, ಸರ್ಜ್ ಪ್ರೊಟೆಕ್ಟರ್, ಅರ್ಥಿಂಗ್, ಪಾಸ್‌ವರ್ಡ್. ಒಂದನ್ನು ಬಿಟ್ರೂ ನನಗೆ ಅಡಾಪ್ಟರೇ ಇರಲಿ.

ಯುವಕ: ಬರೀತೀನಿ. ಖರ್ಚು ಏರುತ್ತೆ, ಆಮೇಲೆ ಬೇರೆಯವರು ಅರ್ಧ ದುಡ್ಡಿಗೆ ಹಾಕಿಕೊಡ್ತಾರೆ ಅನ್ನಬಾರದು.

ಗೇಟು, ಅಂಗಳ, ಗೋದಾಮಿಗೆ ಪಿಒಇ ಎಂದು ಇಬ್ಬರೂ ಒಪ್ಪಿದರು. ಹೊಸ ಅರ್ಥಿಂಗ್ ಗುಂಡಿ ತೋಡಿಸಿದ ಮೇಲೆಯೇ ಕೆಲಸ ಎಂಬ ಕರಾರು ಹಿರಿಯರದ್ದು. ಗುಡುಗಿನ ರಾತ್ರಿ ಕೇಬಲ್ ಕೀಳಬೇಕೇ ಬೇಡವೇ ಎಂಬಲ್ಲಿ ಒಮ್ಮತವಾಗಲಿಲ್ಲ. ಪಂಪ್‌ಹೌಸಿಗೆ ಏನು ಎಂಬುದೂ ತೀರ್ಮಾನವಾಗಲಿಲ್ಲ.

ಕ್ಯಾಮೆರಾ ಹಾಕಿಸಹೊರಟ ಓದುಗರಿಗೆ ಒಂದು ಮಾತು. ಅಂಗಡಿಯಲ್ಲಿ ನಾವು ಮೊದಲು ಕೇಳುವುದು ಎಷ್ಟು ಮೆಗಾಪಿಕ್ಸೆಲ್ ಎಂದು. ಒಂದೇ ತಂತಿಯಲ್ಲಿ ಚಿತ್ರವನ್ನೂ ಕರೆಂಟನ್ನೂ ತರಲು ಹೊರಟವರು ಅದಕ್ಕೂ ಮೊದಲು ನಾಲ್ಕು ಪ್ರಶ್ನೆ ಕೇಳಬೇಕು. ಕೇಬಲ್ ಒಳಗೂ ತಾಮ್ರವೇ? ಸ್ವಿಚ್ ಯಾವ ನಿಯಮದ್ದು, ಒಟ್ಟು ಎಷ್ಟು ವ್ಯಾಟಿನದು? ಕರೆಂಟ್ ಹೋದರೆ ಅದು ಎಷ್ಟು ಹೊತ್ತು ನಡೆಯುತ್ತದೆ? ಹೊರಗಿನಿಂದ ಬರುವ ತಂತಿಗೆ ಅರ್ಥಿಂಗ್ ಎಲ್ಲಿದೆ? ನಾಲ್ಕಕ್ಕೂ ನೇರ ಉತ್ತರ ಕೊಡುವವರ ಕೈಗೆ ಕೆಲಸ ಕೊಡಿ. ಉತ್ತರ ಸಿಗದಿದ್ದರೆ, ಬೆಲೆ ಎಷ್ಟೇ ಕಡಿಮೆ ಇದ್ದರೂ, ಮುಂಗಡ ಕೊಡಬೇಡಿ.